ಬಾಯ್ಲರ್ ಕೋಣೆಯ ಇಂಗ್ಲಿಷ್

‘ಗಿವ್ ಅಪ್’, ‘ಪುಟ್ ಆಫ್’ ಎಂದು ಬಾಲ ಅಂಟಿಸಿಕೊಂಡು ಅರ್ಥ ಬದಲಿಸುವ ಇಂಗ್ಲಿಷ್ ಕ್ರಿಯಾಪದಗಳಿವೆಯಲ್ಲ, ಅಂಥವು ಸಾವಿರದ ಇನ್ನೂರು ಮೇಷ್ಟರಿಗೆ ಬಾಯಿಪಾಠ. ಅವರ ಗೊರಕೆ ಕೂಡ ವ್ಯಾಕರಣ ತಪ್ಪುತ್ತಿರಲಿಲ್ಲ. “ಈ ವಿಷಯದಲ್ಲಿ ನನ್ನ ಮೀರಿಸೋರು ಇನ್ನೂ ಹುಟ್ಟಿಲ್ಲ” ಎನ್ನುತ್ತಿದ್ದರು.

ಅವರ ನಾದಿನಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಮೇಷ್ಟರು ಅವಳಿಗೆ ಬುತ್ತಿ ಕೊಡಲು ಹೋದರೆ, ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ ನಡುಗುತ್ತಿತ್ತು. ಫೋನಿನಲ್ಲಿ, ಆ ಬಾಯ್ಲರ್ ಕೂರಿಸಿದ್ದ ಪರದೇಶದ ಎಂಜಿನಿಯರ್ ಅರಚುತ್ತಿದ್ದ: “ಶಟ್ ಆಫ್. ಲೆಟ್ ಔಟ್. ಹೋಲ್ಡ್ ಆನ್.”

“ತಡಿಯಮ್ಮ, ‘ಲೆಟ್ ಔಟ್’ಗೆ ಐದು ಅರ್ಥ ಇವೆ,” ಎಂದರು ಮೇಷ್ಟರು, ಬೆವರೊರೆಸಿಕೊಳ್ಳುತ್ತ. “ಬಟ್ಟೆ ಸಡಿಲ ಮಾಡೋದು, ಮನೆ ಬಾಡಿಗೆಗೆ ಕೊಡೋದು...”

ಮೂರನೆಯದು ನಾಲಿಗೆಗೆ ಬರುವಷ್ಟರಲ್ಲಿ ಅವಳು ಉರಿಗೆ ಹೋಗುವ ಎಣ್ಣೆಯ ವಾಲ್ವ್ ಮುಚ್ಚಿ, ಹಬೆಯ ವಾಲ್ವ್ ತೆರೆದು, ಸ್ಟೂಲಿನ ಮೇಲೆ ಕೂತು ಮುಳ್ಳನ್ನೇ ನೋಡುತ್ತಿದ್ದಳು. ಹೊರಗೆ ಹಾರಿದ ಹಬೆಗೆ ಮೋಡಗಳೇ ದಾರಿ ಬಿಟ್ಟವು. ಮುಳ್ಳು ಮೆಲ್ಲಗೆ ಇಳಿಯಿತು.

ಆಗ ಮೇಷ್ಟರು ಗೋಡೆ ನೋಡಿದರು. ಬಾಯ್ಲರ್ ಕೂರಿಸುವ ದಿನ ಎಂಜಿನಿಯರ್ ಕೈ ತೋರಿಸಿ ಕೂಗಿದ ಒಂದೊಂದು ಮಾತನ್ನೂ ಅವಳು ಆಯಾ ವಾಲ್ವಿನ ಪಕ್ಕ ಸೀಮೆಸುಣ್ಣದಲ್ಲಿ, ಕನ್ನಡ ಅಕ್ಷರದಲ್ಲೇ ಬರೆದಿಟ್ಟಿದ್ದಳು. ಎಣ್ಣೆಯದರ ಪಕ್ಕ ‘ಶಟ್ ಆಫ್’, ಹಬೆಯದರ ಪಕ್ಕ ‘ಲೆಟ್ ಔಟ್’, ಸ್ಟೂಲಿನ ಮೇಲ್ಗಡೆ ‘ಹೋಲ್ಡ್ ಆನ್’. ಸಾವಿರದ ಇನ್ನೂರರಲ್ಲಿ ಒಂದನ್ನೂ ಅವರು ಕೈಯಿಂದ ಮುಟ್ಟಿರಲಿಲ್ಲ.

“ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದೀಯ,” ಎಂದರು.

“ಅರ್ಥ ನಿಮಗೇ ಇರ್ಲಿ ಭಾವ,” ಎಂದಳು ಬುತ್ತಿ ಬಿಚ್ಚುತ್ತ. “ಐದನೇದು ಬರೋವರೆಗೂ ಕಾದಿದ್ರೆ, ಇದನ್ನ ತಿನ್ನೋಕೆ ನಾನಿರ್ತಿರ್ಲಿಲ್ಲ.”