ಮರದ ಬುಡದ ರಾಶಿ

ಬೆಳಿಗ್ಗೆ ಯಜಮಾನರು ಫ್ರೀಮಾಂಟಿನ ಆಫೀಸಿಗೆ ಹೊರಟು, ಮಗಳ ಸ್ಕೂಲ್ ಬಸ್ಸು ತಿರುವು ದಾಟಿದ ಮೇಲೆ, ನನ್ನ ಎರಡನೇ ಕಾಫಿಗೆ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ನಾನು ಹಿತ್ತಲಿನ ಮರದ ಡೆಕ್ಕಿನ ಮೇಲೆ ನಿಂತು ಅಳಿಲು ಎಣಿಸುತ್ತೇನೆ. ಇಲ್ಲಿನ ಕಾಡಿನ ಮೂಲದ ಅಳಿಲು ಚಿಕ್ಕದು. ಕೆಂಗಂದು ಬೆನ್ನು, ಕಿತ್ತಳೆ ಹೊಟ್ಟೆ, ಮೂಗಿನ ತುದಿಯಲ್ಲೇ ಸಿಟ್ಟು. ಅದು ಎಲ್ಲೆಲ್ಲಿ ಉಳಿದಿದೆ ಎಂದು ನೋಡಲು ವನ್ಯಜೀವಿ ಇಲಾಖೆಯವರು ನಮ್ಮಂಥ ಸ್ವಯಂಸೇವಕರಿಗೆ ಒಂದೊಂದು ಮರ ವಹಿಸಿದ್ದಾರೆ. ನನ್ನ ಪಾಲಿಗೆ ಬಂದದ್ದು ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಸೂಜಿ ಎಲೆಯ ಫರ್ ಮರ.

ಪಕ್ಕದ ಮನೆಯಾಕೆ ವಿಜಯಪುರದ ಕಡೆಯವರು. ದಿನಾ ಬೇಲಿಯ ಮೇಲೆ ಶೇಂಗಾ ಸಾಲಾಗಿ ಇಡುತ್ತಾರೆ. ಅದಕ್ಕೆ ಬರುವುದು ಬೇರೆಲ್ಲಿಂದಲೋ ಬಂದು ಊರು ತುಂಬಿರುವ ದಪ್ಪ ಬೂದು ಅಳಿಲುಗಳು. ತಿಂದು ಕೊಬ್ಬಿ, ಚಿಕ್ಕದನ್ನು ಅದರ ಮರದಿಂದಲೇ ಅಟ್ಟುತ್ತವೆ. ಇಡಬೇಡಿ ಎಂದು ಬೇಸಿಗೆಯಲ್ಲೇ ಕೇಳಿಕೊಂಡಿದ್ದೆ.

“ಅವು ಹೊರಗಿನವು ಅಂತೀರಿ. ನೀವೇನ್ರೀ, ಈ ಗಿಡದಾಗ ಹುಟ್ಟೀರೇನು?” ಎಂದಿದ್ದರು. ಮರುದಿನದಿಂದ ಎರಡು ಹಿಡಿ ಇಡತೊಡಗಿದರು, ನಾನು ನೋಡುತ್ತಿದ್ದೇನೆಂದು ಖಾತ್ರಿ ಮಾಡಿಕೊಂಡು.

ಎದುರು ನಿಂತು ಜಗಳವಾಡುವುದು ನನಗೆ ಬರುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಪತ್ರ ಬರೆಯುವುದು, ಅದೂ ಯಾರ ಹೆಸರನ್ನೂ ಎತ್ತದೆ. ಕೊನೆಗೆ ಬಡಾವಣೆಯ ಸಂಘಕ್ಕೆ ಚಂದದ ಇಂಗ್ಲಿಷಿನಲ್ಲಿ ಬರೆದಿದ್ದೆ: ಮರದ ಬುಡದಲ್ಲಿ ತಿಂದುಳಿದ ಸಿಪ್ಪೆ ರಾಶಿಯಾಗುತ್ತಿದೆ, ದಯವಿಟ್ಟು ಕ್ರಮ ಕೈಗೊಳ್ಳಬೇಕು. ಶೇಂಗಾ ಎನ್ನಲಿಲ್ಲ. ಪಕ್ಕದ ಮನೆ ಎನ್ನಲಿಲ್ಲ. ಸಂಘದವರೇ ಆಕೆಗೆ ಬುದ್ಧಿ ಹೇಳಲಿ ಎಂಬುದು ನನ್ನ ಆಸೆ.

ವಾರ ಕಳೆದು ಒಂದು ಬೆಳಿಗ್ಗೆ ತೋಟದ ಕೆಲಸದವರಿಬ್ಬರು ಕಸ ಊದುವ ಬ್ಲೋವರ್, ಸಲಿಕೆ ಹಿಡಿದು ಬಂದಿದ್ದರು. ನಾನು ಚಪ್ಪಲಿ ಮೆಟ್ಟಿ ಇಳಿಯುವಷ್ಟರಲ್ಲಿ ಮರದ ಬುಡ ಬೋಳಾಗಿತ್ತು. ಹೋದದ್ದು ನಾಲ್ಕು ಶೇಂಗಾ ಸಿಪ್ಪೆಯಷ್ಟೇ ಅಲ್ಲ. ಚಿಕ್ಕ ಅಳಿಲು ಫರ್ ಕಾಯಿ ಸುಲಿದು ಬೀಳಿಸಿದ ಹೊಟ್ಟಿನ ದಿಬ್ಬ, ಅದರೊಳಗಿನ ತಂಪಿನಲ್ಲಿ ಚಳಿಗಾಲಕ್ಕೆಂದು ಹೂತಿಟ್ಟ ಇಡೀ ಕಾಯಿಗಳು, ಎಲ್ಲ ಹೋಗಿದ್ದವು. ವಾಪಸು ಕೊಡಿ ಎಂದೆ. ಆಗಲೇ ಟ್ರಕ್ಕಿನ ಯಂತ್ರದಲ್ಲಿ ಪುಡಿಯಾಗಿತ್ತು. ಕೆಲಸದವನು ಫೋನಿನಲ್ಲಿ ಸಂಘದ ಆದೇಶ ತೋರಿಸಿದ. ನನ್ನದೇ ವಾಕ್ಯ, ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ.

ಅವರು ಹೋದ ಮೇಲೆ ಅಳಿಲು ಇಳಿದು ಬಂತು. ನೆಲ ಕೆದರಿತು, ಎರಡು ಸುತ್ತು ಹಾಕಿತು. ಆಮೇಲೆ ಕಾಂಡಕ್ಕೆ ತಲೆಕೆಳಗಾಗಿ ಅಂಟಿಕೊಂಡು ನನ್ನತ್ತ ಬೈಯತೊಡಗಿತು. ನಾನು ಕದಲದೆ ಬೈಸಿಕೊಂಡೆ. ಎಣಿಕೆಯ ಹಾಳೆಯಲ್ಲಿ ‘ಒಂದು’ ಎಂದು ಬರೆದು, ಷರಾ ಎಂಬಲ್ಲಿ ಸೇರಿಸಿದೆ: ದಾಸ್ತಾನು ನಾಶ, ಕಾರಣ ನನ್ನ ದೂರು.

ಸಂಜೆ ಕಸದ ಡಬ್ಬಿ ರಸ್ತೆಗೆಳೆಯುವಾಗ ಪಕ್ಕದ ಮನೆಯಾಕೆಯೂ ತಮ್ಮದನ್ನು ಎಳೆದು ತಂದರು. ಮುಚ್ಚಿಡಲಾಗದೆ ಪತ್ರದ ವಿಷಯವನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟೆ. ಆಕೆ ಡಬ್ಬಿಯ ಮುಚ್ಚಳ ಒತ್ತಿ, ಮನೆಯತ್ತ ತಿರುಗುತ್ತಲೇ ಅಂದರು:

“ಇರ್ಲಿ ಬಿಡ್ರಿ, ನಾಳಿಂದ ನಿಮ್ಮ ಆ ಸಣ್ಣದಕ್ಕೂ ಒಂದ್ ಹಿಡಿ ಹಾಕ್ತೀನಿ. ನೆಲದಾಗ ಹೂತಿಟ್ಟ ಅದರ ಕಾಳಿನ ಹಗೇವನ್ನ ನೀವ ಬಳಿಸಿ ಒಗದ ಮ್ಯಾಲ, ಪಾಪ, ಅದಾದ್ರೂ ಏನ್ ತಿನ್ಬೇಕು?”