ಕಸದಬುಟ್ಟಿಯಿಂದ ಎದ್ದ ಗಂಡುಗಳು

ಶ್ರೀನಿವಾಸಪುರದಲ್ಲಿ ಸಂಬಂಧ ಕುದುರಿಸೋದು ನನ್ನ ಕಸುಬು. ಜಾತಕ, ಫೋಟೋ ಎಲ್ಲಾ ಮನೆಯ ಕಂಪ್ಯೂಟರಿನಲ್ಲಿ ಫೋಲ್ಡರ್ ಮಾಡಿಟ್ಟಿದ್ದೆ. ಹೆಸರು ನೆನಪಿರಲ್ಲ ಅಂತ ಅವರವರ ಗುಣವನ್ನೇ ಮೇಲೆ ಬರೆದಿದ್ದೆ.

ಮೊನ್ನೆ ಮುಳಬಾಗಿಲಿನಿಂದ ಒಬ್ಬ ಗಂಡಿನ ತಾಯಿ ಹೆಣ್ಣಿನ ಫೋಟೋ ನೋಡೋಕೆ ಬರೋರಿದ್ದರು. ಅಷ್ಟರೊಳಗೆ ಮದುವೆಯಾದವರ ಹಳೇ ಫೋಲ್ಡರುಗಳನ್ನ ತೆಗೆದುಹಾಕೋಣ ಅಂತ ಕೂತೆ. ಒಂದೊಂದೇ ಆರಿಸೋಕೆ ಸೋಮಾರಿತನ, ಎಲ್ಲಾ ಒಟ್ಟಿಗೆ ಡಿಲೀಟ್ ಒತ್ತಿದೆ. ನಿಜವಾಗ್ಲೂ ಬೇಡವಾ ಅಂತ ಕೇಳ್ತು. ನನ್ನನ್ನ ಕೇಳೋಕೆ ಇದ್ಯಾರು ಅಂತ ಇನ್ನೊಂದು ಸಲ ಒತ್ತಿದೆ. ಒಂದೂ ಉಳೀಲಿಲ್ಲ.

ಆಯಮ್ಮ ಬಂದು ಕೂತಮೇಲೆ ಅಳಿಸಿಹೋದದ್ದನ್ನ ಹುಡುಕಿಕೊಡು ಅಂತ ಪಕ್ಕದ ಮನೆ ಸೊಸೆ ಸುಜಾತಾನ ಕರೆದೆ.

"ಎಲ್ಲಾ ಕಂಪ್ಯೂಟರಿನ ಕಸದಬುಟ್ಟೀಲಿ ಇವೆ ಅಜ್ಜಿ, ಯಾವುದು ಬೇಕು ಹೇಳಿ," ಅಂತ ಫೋಲ್ಡರುಗಳ ಮೇಲೆ ಬರೆದಿದ್ದನ್ನ ಜೋರಾಗಿ ಓದಿದಳು. "ಎರಡು ನಿಶ್ಚಿತಾರ್ಥ ಮುರಿದೋನು. ಟೋಪಿ ತೆಗೆದರೆ ಬೋಳು."

ಆಯಮ್ಮ ಸೆರಗು ಬಾಯಿಗಿಟ್ಟು ನಕ್ಕರು.

"ಮುಳಬಾಗಿಲು, ಅಮ್ಮ ಕಲಸಿಕೊಟ್ಟರೇ ಉಣ್ಣೋನು."

ನಗು ನಿಂತುಹೋಯ್ತು. "ಈ ಸಂಬಂಧ ನಮಗೆ ಬೇಡ," ಅಂದರು. ಎದ್ದು ಹೋಗ್ತಾರೆ ಅಂದುಕೊಂಡೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ನಮ್ಮ ವಾರಗಿತ್ತಿ ಮಗಂದೂ ಇದ್ಯಾ ನೋಡಮ್ಮ," ಅಂದರು.

ಕೊನೇ ಬಸ್ಸಿನವರೆಗೂ ಮೇಲೇಳಲಿಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನ್ನ ಬರಹಕ್ಕೆ ಅಂಥ ಓದುಗರು ಇನ್ನೆಲ್ಲಿ ಸಿಗ್ತಾರೆ.