ಮೀನೆಣ್ಣೆ ಹಾಕಿದ ಗಾಲಿ

ಹೊನ್ನಾವರದ ಪ್ರವಾಸಿ ಬಂಗಲೆಯ ಮಾಲಿ ಜಟ್ಟಿ, ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಹುಲ್ಲು ಕತ್ತರಿಸುವ ಯಂತ್ರದ ಪುಟ್ಟ ಗಾಲಿಗಳನ್ನು ಬಿಚ್ಚಿ, ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬುತ್ತಿದ್ದ. ೧೯೬೨ರಲ್ಲಿ ಗ್ರೀಸೇ ಬರಲಿಲ್ಲ.

“ಎಂತ ಚಿಂತೆ ಜಟ್ಟಣ್ಣ? ದೋಣಿಗೆ ಬಳಿಯೋ ಮೀನೆಣ್ಣೆ ಹಾಕು,” ಎಂದು ಜೊತೆಗೆ ಉಂಡು ಬೆಳೆದ ಈರನೇ ಕರಟದ ತುಂಬ ತಂದುಕೊಟ್ಟ.

ಗಾಲಿಗಳು ಸಲೀಸಾಗಿ ತಿರುಗಿದವು. ಆದರೆ ಬಂಗಲೆಯೆಲ್ಲ ಮೀನು ನಾರಿತು. ಕಾಗೆಗಳು ಯಂತ್ರದ ಹಿಂದೆಯೇ ನಡೆದವು. ಬಂಗಲೆಯ ಉಸ್ತುವಾರಿ ಸಾಹೇಬರು ಸಿಡುಕಿದಾಗ ಈರ ಮುಂದೆ ಬಂದು, “ಇವಂಗೆ ಬುದ್ಧಿ ಇಲ್ಲ ಒಡೆಯಾ, ನಾ ಬೇಡ ಅಂದಿದ್ದೆ,” ಎಂದ. ಜಟ್ಟಿಯ ಕೆಲಸ ಈರನ ಪಾಲಾಯಿತು.

ಮರುವರ್ಷ ಗಾಲಿ ಬಿಚ್ಚಿದ ಈರ, ಚೆಲ್ಲಿಹೋದ ಗುಂಡುಗಳನ್ನು ಬೊಗಸೆಯಲ್ಲಿ ಹಿಡಿದು ಜಟ್ಟಿಯ ಅಂಗಳಕ್ಕೆ ಬಂದ. “ಜಟ್ಟಣ್ಣ, ಇದ್ನ ಹ್ಯಾಂಗೆ ಕೂರ್ಸೂದು?”

ಬಲೆ ಹೆಣೆಯುತ್ತಿದ್ದ ಜಟ್ಟಿ ತಲೆ ಎತ್ತಲಿಲ್ಲ. “ನಂಗೆ ಬುದ್ಧಿ ಇಲ್ಲ ಮಾರಾಯ. ಒಡೆಯರನ್ನೇ ಕೇಳು.”